ಎರಡನೆಯ ಹೃದಯವನ್ನು ಆಲಿಸಿದವರು

ಬ್ರಿಟಿಷರು ಹೊಸದಿಲ್ಲಿಯಲ್ಲಿ ಕಟ್ಟಿಸಿದ ವಸತಿಗಳಲ್ಲಿ ಕಡೆಯದು ಲೋಧಿ ಕಾಲೋನಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಸಾಮ್ರಾಜ್ಯದ ಆಯುಷ್ಯ ಇನ್ನೆಷ್ಟು ದಿನ ಎಂಬುದು ಅದರ ಅಧಿಕಾರಿಗಳಿಗೇ ಸಂದೇಹವಾಗತೊಡಗಿದ್ದ ಕಾಲದಲ್ಲಿ, ವಿಲಿಯಂ ಹೆನ್ರಿ ಮೆಡ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಎದ್ದ ಈ ಸಾಲುಮನೆಗಳು, ಎತ್ತರವಾದ ಕಮಾನಿನ ಹೆಬ್ಬಾಗಿಲುಗಳನ್ನೂ ನಡುವೆ ವಿಶಾಲವಾದ ಅಂಗಳಗಳನ್ನೂ ಇಟ್ಟುಕೊಂಡು, ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ಗುಮಾಸ್ತರಿಗೂ ಸಣ್ಣ ಅಧಿಕಾರಿಗಳಿಗೂ ನೆಲೆಯಾದವು. ಈಚಿನ ವರ್ಷಗಳಲ್ಲಿ ಅವುಗಳ ಗೋಡೆಗಳ ಮೇಲೆ ಆಳೆತ್ತರವನ್ನು ಮೀರಿದ ಚಿತ್ರಗಳು ಮೂಡಿ, ಅವನ್ನು ನೋಡುವುದಕ್ಕೆಂದೇ ಜನ ಬರುವಂತಾಗಿದೆ. ಆದರೆ ಆ ಗೋಡೆಗಳ ಒಳಗೆ ನಡೆದ ಸಂಸಾರಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಂತಿಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ಮಂಗಳೂರಿನಿಂದಲೋ ಸೆಕ್ರೆಟೇರಿಯಟ್ಟಿನ ಉದ್ಯೋಗ ಹಿಡಿದು ಬಂದ ಕನ್ನಡಿಗರಿಗೆ ಈ ಭಾಗ ಅಪರಿಚಿತವಲ್ಲ. ದೆಹಲಿ ಕನ್ನಡ ಶಾಲೆ ಇರುವುದೂ ಇದಕ್ಕೆ ಅನತಿದೂರದ ಲೋಧಿ ಎಸ್ಟೇಟಿನಲ್ಲಿಯೇ.

ಅಂಥ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವ ಪದ್ಧತಿ ದೂರದ ನೆವದಿಂದ ಬಿಟ್ಟುಹೋಗುವಂಥದಾಗಿರಲಿಲ್ಲ. ಸೀಮಂತ ಮುಗಿಸಿಕೊಂಡ ಬಸುರಿಯು ಜಿ.ಟಿ. ಎಕ್ಸ್‌ಪ್ರೆಸ್ಸಿನಲ್ಲಿ ಮದರಾಸನ್ನು ಮುಟ್ಟಿ, ಅಲ್ಲಿ ಬೆಂಗಳೂರಿನ ಗಾಡಿಗೆ ಬದಲಾಯಿಸಿಕೊಂಡು, ಧೂಳೂ ಸೆಕೆಯೂ ಮೆತ್ತಿದ ಮೈಯಲ್ಲಿ ತಾಯಿಯ ಮನೆಯನ್ನು ಸೇರುತ್ತಿದ್ದಳು. ಎರಡನೆಯ ಬಾರಿಗೆ ಈ ಪ್ರಯಾಣ ಸಾಧ್ಯವಾಗದಿದ್ದರೆ, ತಾಯಿಯೇ ಬಾಣಂತಿ ಲೇಹ್ಯದ ಡಬ್ಬಿಯನ್ನೂ ಖಾರದ ಪುಡಿಯನ್ನೂ ಕಟ್ಟಿಕೊಂಡು ದಿಲ್ಲಿಗೆ ಬರುವುದು; ಹೆರಿಗೆಗೆ ಸಫ್ದರ್‌ಜಂಗ್ ಆಸ್ಪತ್ರೆಗೋ, ಕಾಲೋನಿಯಲ್ಲಿಯೇ ಇರುವ ನವದೆಹಲಿ ಪುರಸಭೆಯ ಪಾಲಿಕಾ ಹೆರಿಗೆ ಆಸ್ಪತ್ರೆಗೋ ಹೋಗುವುದು. ಬೆಂಗಳೂರಿನ ವಾಣಿ ವಿಲಾಸದಲ್ಲಾಗಲಿ ದಿಲ್ಲಿಯ ಈ ಆಸ್ಪತ್ರೆಗಳಲ್ಲಾಗಲಿ, ನೋವು ಬಂದ ಹೆಂಗಸಿನ ಮಂಚದ ಬಳಿಗೆ ನರ್ಸಮ್ಮ ಆಗಾಗ ಬಂದು, ಕಹಳೆಯಾಕಾರದ ಒಂದು ಪುಟ್ಟ ಕೊಳವೆಯನ್ನು ಹೊಟ್ಟೆಯ ಮೇಲೆ ಊರಿ, ಅದಕ್ಕೆ ಕಿವಿಯಿಟ್ಟು, ಗಡಿಯಾರದ ಮುಳ್ಳನ್ನೇ ನೋಡುತ್ತ ತುಟಿಗಳಲ್ಲಿ ಏನನ್ನೋ ಎಣಿಸಿಕೊಂಡು, 'ಮಗು ಚೆನ್ನಾಗಿದೆ' ಎಂದು ಹೇಳಿ ಹೋಗುತ್ತಿದ್ದಳು. ಆ ಎಣಿಕೆಗೆ ಇನ್ನೂರು ವರ್ಷಗಳ ಚರಿತ್ರೆಯುಂಟು. ಯಂತ್ರಗಳ ಚರಿತ್ರೆ ಎಂದು ಅದನ್ನು ಹೇಳುವುದು ವಾಡಿಕೆ. ಕಿವಿಗೊಟ್ಟು ಪಕ್ಕದಲ್ಲಿ ನಿಲ್ಲುವ ವ್ಯಕ್ತಿಯ ಚರಿತ್ರೆ ಎಂದು ನೋಡಿದರೆ ಅದರ ಆಕಾರವೇ ಬೇರೆಯಾಗಿ ಕಾಣುತ್ತದೆ.

ಗರ್ಭದಲ್ಲಿರುವ ಶಿಶುವಿಗೆ ತನ್ನದೇ ಆದ ಹೃದಯವಿದೆಯೆಂಬುದು ಪ್ರಾಚೀನರಿಗೆ ತಿಳಿಯದ ಸಂಗತಿಯಲ್ಲ. ನಾಲ್ಕನೆಯ ತಿಂಗಳಲ್ಲಿ ಅದು ವ್ಯಕ್ತವಾಗುವುದನ್ನು ಹೇಳಿ, ಆ ಕಾಲದ ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಭಾವಿಸಿದ್ದು ನಮ್ಮ ಸುಶ್ರುತ ಸಂಹಿತೆಯೇ. ಆದರೆ ಅದೇ ಗ್ರಂಥವು ಒಳಗಿನ ಶಿಶು ಮೃತವಾಗಿದೆಯೆಂಬುದನ್ನು ತಿಳಿಯುವ ಬಗೆಯನ್ನು ಹೇಳುವಾಗ, ಗರ್ಭದ ಚಲನೆ ನಿಂತಿರುವುದು, ನೋವು ಅಡಗಿರುವುದು, ತಾಯಿಯ ಮೈಬಣ್ಣ ಕಂದಿರುವುದು, ಉಸಿರು ನಾರುವುದು ಎಂದು ಹೊರಗಿನ ಲಕ್ಷಣಗಳನ್ನೇ ಎಣಿಸುತ್ತದೆ. ಎರಡನೆಯ ಹೃದಯದ ಸದ್ದನ್ನು ಕೇಳಬಹುದೆಂಬ ಸೂಚನೆ ಅಲ್ಲಿಲ್ಲ. ಯೂರೋಪಿನಲ್ಲಿಯೂ ಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮಾರ್ಸಾಕ್ ಎಂಬ ವೈದ್ಯನು ತಾನು ಗರ್ಭಸ್ಥ ಶಿಶುವಿನ ಎದೆಬಡಿತವನ್ನು ಕೇಳಿದೆನೆಂದು ಹೇಳಿಕೊಂಡಾಗ, ಅವನ ಸಹೋದ್ಯೋಗಿಯೊಬ್ಬನು ಅದನ್ನು ಪದ್ಯವೊಂದರಲ್ಲಿ ಹಾಸ್ಯಮಾಡಿ, ಆ ಸದ್ದನ್ನು ಗಿರಣಿಯ ಕಟಕಟ ಶಬ್ದಕ್ಕೆ ಹೋಲಿಸಿದನಂತೆ. ಮಾರ್ಸಾಕನ ಶೋಧ ಉಳಿದದ್ದು ಆ ಪರಿಹಾಸ್ಯದ ದೆಸೆಯಿಂದಲೇ. ಪರಿಹಾಸ್ಯವೂ ಒಮ್ಮೊಮ್ಮೆ ಒಳ್ಳೆಯ ದಾಖಲೆಯಾಗುವುದುಂಟು.

ಮುಂದೆ 1818ರಲ್ಲಿ ಜಿನೀವಾದ ಶಸ್ತ್ರವೈದ್ಯನಾದ ಫ್ರಾಂಸ್ವಾ-ಇಸಾಕ್ ಮಾಯೋರ್ ತುಂಬುಗರ್ಭಿಣಿಯ ಹೊಟ್ಟೆಗೆ ನೇರವಾಗಿ ಕಿವಿಯಿಟ್ಟು, ತಾಯಿಯ ನಾಡಿಗೆ ಸಂಬಂಧವಿಲ್ಲದ ಬೇರೊಂದು ಬಡಿತವನ್ನು ಕೇಳಿ, ಇದರಿಂದ ಕೂಸು ಬದುಕಿದೆಯೇ ಇಲ್ಲವೇ ಎಂಬುದನ್ನು ನಿರ್ಣಯಿಸಬಹುದೆಂದು ತಿಳಿಸಿದನು. ಆ ವರ್ತಮಾನ ಪತ್ರಿಕೆಯೊಂದರಲ್ಲಿ ಕೆಲವೇ ಸಾಲುಗಳಾಗಿ ಅಚ್ಚಾಗಿ ಅಲ್ಲಿಗೇ ಅಡಗಿಹೋಯಿತು. ವಿಚಿತ್ರವೆಂದರೆ, ಅದಕ್ಕೆ ಎರಡು ವರ್ಷ ಮುಂಚೆಯೇ ಪ್ಯಾರಿಸಿನಲ್ಲಿ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದಿದ್ದನು. ಎದೆಯೊಳಗಿನ ಪ್ರತಿಯೊಂದು ಸದ್ದಿಗೂ ಹೆಸರಿಟ್ಟು 1819ರಲ್ಲಿ ಮಹಾಗ್ರಂಥವನ್ನೇ ಪ್ರಕಟಿಸಿದ್ದನು. ಆದರೂ ಆ ಮರದ ಕೊಳವೆಯನ್ನು ಕೊಂಚ ಕೆಳಗಿಳಿಸಿ ಗರ್ಭದ ಮೇಲೆ ಇಡಬಹುದೆಂಬುದು ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಅವನ ಪರಿಚಯದವನೇ ಆದ ಬ್ರಿಟನಿ ಪ್ರಾಂತದ ಲ ಜುಮೊ ದ ಕೆರ್ಗರಾಡೆಕ್ ಎಂಬ ವೈದ್ಯನಿಗೆ. ಅವನು ಹುಡುಕಹೊರಟದ್ದು ಎದೆಬಡಿತವನ್ನಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗರ್ಭದ ನೀರಿನಲ್ಲಿ ಕೂಸು ಹೊರಳಿದಾಗ ಅಲೆಗಳ ಸದ್ದು ಕೇಳಬಹುದೇನೋ ಎಂಬ ಕುತೂಹಲದಿಂದ, ದಿನ ತುಂಬುತ್ತ ಬಂದಿದ್ದ ಗರ್ಭಿಣಿಯೊಬ್ಬಳನ್ನು ಅವನು ಮತ್ತೆ ಮತ್ತೆ ಸ್ಟೆತಾಸ್ಕೋಪಿನಿಂದ ಪರೀಕ್ಷಿಸುತ್ತಿದ್ದನು. ನೀರಿನ ಸದ್ದು ಕೇಳಲಿಲ್ಲ. ಅದರ ಬದಲು ನಿಮಿಷಕ್ಕೆ 140ಕ್ಕೂ ಮಿಕ್ಕಿ ಬಡಿಯುವ, ಜೋಡಿಜೋಡಿಯಾದ, ತ್ವರಿತವಾದ ಧ್ವನಿಯೊಂದು ಕೇಳಿತು. ತಾಯಿಯ ನಾಡಿಯನ್ನು ಹಿಡಿದು ನೋಡಿದರೆ ಅದರ ಗತಿ ಇದರ ಅರ್ಧದಷ್ಟು. ಇನ್ನೊಂದು ಕಡೆ ಊದಿದಂತೆ ಕೇಳುವ ಮತ್ತೊಂದು ಸದ್ದು. ಅದು ಮಾತ್ರ ತಾಯಿಯ ನಾಡಿಯ ಜೊತೆಜೊತೆಗೇ ಸಾಗುತ್ತಿತ್ತು. ಎರಡನ್ನೂ ಬೇರ್ಪಡಿಸಿ ಗುರುತಿಸಿದ ಅವನು 1821ರ ಡಿಸೆಂಬರಿನಲ್ಲಿ ಪ್ಯಾರಿಸಿನ ವೈದ್ಯಕೀಯ ಪರಿಷತ್ತಿನ ಮುಂದೆ ತನ್ನ ಪ್ರಬಂಧವನ್ನು ಓದಿದನು. ಈ ಧ್ವನಿಯಿಂದ ಗರ್ಭವನ್ನು ನಿಶ್ಚಯಿಸಬಹುದು, ಅವಳಿಗಳನ್ನು ಗುರುತಿಸಬಹುದು, ಶಿಶುವಿನ ಭಂಗಿಯನ್ನು ಊಹಿಸಬಹುದು ಎಂದು ಒಂದೊಂದಾಗಿ ಹೇಳುತ್ತ ಬಂದು, ಬಡಿತದ ವೇಗದಲ್ಲೂ ಬಲದಲ್ಲೂ ಆಗುವ ಏರಿಳಿತಗಳಿಂದ ಶಿಶುವಿನ ಆರೋಗ್ಯಾನಾರೋಗ್ಯಗಳನ್ನು ತಿಳಿಯಲು ಸಾಧ್ಯವಾಗಲಾರದೇ ಎಂಬ ಪ್ರಶ್ನೆಯನ್ನೂ ಅವನು ಎತ್ತಿದನು. ಆಮೇಲಿನ ಇನ್ನೂರು ವರ್ಷಗಳ ಸಾಹಸವೆಲ್ಲ ಆ ಒಂದು ಪ್ರಶ್ನೆಗೆ ಹುಡುಕಿದ ಉತ್ತರವೇ.

ಪ್ರಸೂತಿ ತಜ್ಞರಲ್ಲಿ ಹಲವರು ಇದನ್ನು ಒಡನೆಯೇ ಒಪ್ಪಲಿಲ್ಲ. ಅವರ ವಿದ್ಯೆ ಬೆರಳುಗಳ ವಿದ್ಯೆ. ಕಿವಿಯಿಂದ ಕಲಿಯತಕ್ಕದ್ದೇನು ಎಂಬ ತಾತ್ಸಾರ ಒಂದು ಕಡೆ, ಮರ್ಯಾದಸ್ಥ ಸ್ತ್ರೀಯ ಹೊಟ್ಟೆಯ ಮೇಲೆ ಪುರುಷನು ಮುಖವಿಡುವುದೆಂತು ಎಂಬ ಸಂಕೋಚ ಮತ್ತೊಂದು ಕಡೆ. ಡಬ್ಲಿನ್ನಿನ ರೊಟುಂಡ ಹೆರಿಗೆ ಆಸ್ಪತ್ರೆಯ ಎವರಿ ಕೆನಡಿ 1833ರಲ್ಲಿ ಇದಕ್ಕಾಗಿಯೇ ಒಂದು ಪುಸ್ತಕವನ್ನು ಬರೆದು, ನೋವಿನ ವೇಳೆಯಲ್ಲಿ ಬಡಿತ ನಿಧಾನಗೊಳ್ಳುವುದರ ಅರ್ಥವನ್ನೂ ಹೊಕ್ಕುಳಬಳ್ಳಿ ಒತ್ತಿಹೋದಾಗ ಆಗುವ ಬದಲಾವಣೆಯನ್ನೂ ವಿವರಿಸಿದ ಮೇಲೆ ಈ ಪದ್ಧತಿಗೆ ನೆಲೆ ದೊರೆಯಿತು. ಶತಮಾನದ ಕೊನೆಗೆ, 1893ರಲ್ಲಿ, ಜರ್ಮನಿಯ ಫಾನ್ ವಿಂಕೆಲ್ ನಿಮಿಷಕ್ಕೆ 160ನ್ನು ಮೀರಿದ ಅಥವಾ 100ಕ್ಕಿಂತ ಕೆಳಗಿಳಿದ ಬಡಿತವನ್ನು ಅಪಾಯದ ಲಕ್ಷಣವೆಂದು ಗೆರೆ ಎಳೆದನು. ಸರಿಸುಮಾರು ಅದೇ ಕಾಲಕ್ಕೆ ಪ್ಯಾರಿಸಿನ ಅಡೋಲ್ಫ್ ಪಿನಾರ್ ರೂಪಿಸಿದ ಕಹಳೆ ಲೋಕದ ಎಲ್ಲ ಹೆರಿಗೆ ಕೋಣೆಗಳನ್ನೂ ಹೊಕ್ಕಿತು. ನಮ್ಮ ನರ್ಸಮ್ಮಂದಿರು ಫೀಟೋಸ್ಕೋಪ್ ಎಂದು ಕರೆಯುವುದು ಇದನ್ನೇ.

ಇದಕ್ಕಿಂತ ಸರಳವಾದ ವೈದ್ಯಕೀಯ ಉಪಕರಣವನ್ನು ಕಾಣುವುದು ಕಷ್ಟ. ಗೇಣುದ್ದಕ್ಕೆ ಮೀರದ ಮರದ ಅಥವಾ ಅಲ್ಯೂಮಿನಿಯಂ ಕೊಳವೆ. ಒಂದು ತುದಿ ಅಗಲವಾಗಿ ತೆರೆದ ಬಾಯಿ, ಇನ್ನೊಂದು ತುದಿ ಕಿವಿಯನ್ನು ಒರಗಿಸಲು ತಕ್ಕ ಚಪ್ಪಟೆಯಾದ ಬಿಲ್ಲೆ. ಆದರೆ ಅದನ್ನು ಬಳಸುವ ಕ್ರಮ ಮಾತ್ರ ಸರಳವಲ್ಲ. ಮೊದಲು ಎರಡು ಅಂಗೈಗಳಿಂದ ಹೊಟ್ಟೆಯನ್ನು ಮೆಲ್ಲನೆ ತಡವಿ, ಕೂಸಿನ ಬೆನ್ನು ಎಡಕ್ಕಿದೆಯೋ ಬಲಕ್ಕಿದೆಯೋ, ತಲೆ ಕೆಳಗೋ ಮೇಲೋ ಎಂಬುದನ್ನು ತಿಳಿಯಬೇಕು. ಏಕೆಂದರೆ ಬಡಿತ ನಿಚ್ಚಳವಾಗಿ ಕೇಳುವುದು ಬೆನ್ನಿನ ಕಡೆಯಿಂದ. ತಲೆ ಕೆಳಗಾಗಿದ್ದರೆ ಹೊಕ್ಕುಳಿನಿಂದ ಕೆಳಗೆ, ಕಾಲುಮುಂದಾಗಿದ್ದರೆ ಹೊಕ್ಕುಳಿನ ಮಟ್ಟಕ್ಕೋ ಮೇಲಕ್ಕೋ. ಬಳಿಕ ಕೊಳವೆಯನ್ನು ಊರಿ, ಗರ್ಭಿಣಿಯ ಕಾಲಿನ ಕಡೆಗೆ ಮುಖ ತಿರುಗಿಸಿಕೊಂಡು ಕಿವಿಯಿಟ್ಟು, ಕೊಳವೆಯನ್ನು ಹಿಡಿದಿದ್ದ ಕೈಯನ್ನು ತೆಗೆದುಬಿಡಬೇಕು. ಬೆರಳು ತಾಗಿದರೆ ಬೆರಳಿನ ಸದ್ದೇ ಕಿವಿಗೆ ಬರುತ್ತದೆ. ಆ ಬಿಡುವಾದ ಕೈ ತಾಯಿಯ ಮಣಿಕಟ್ಟಿಗೆ ಹೋಗಿ ಅವಳ ನಾಡಿಯನ್ನು ಹಿಡಿಯಬೇಕು. ಇಲ್ಲದಿದ್ದರೆ ತಾಯಿಯ ರಕ್ತನಾಳದ ಸದ್ದನ್ನೇ ಕೂಸಿನದೆಂದು ಭ್ರಮಿಸುವುದು ಸಾಧ್ಯ. ನೋವು ಬಂದು ಇಳಿದೊಡನೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಇಷ್ಟೂ ಹೊತ್ತು ಕೇಳುವವಳು ಬಗ್ಗಿಯೇ ಇರಬೇಕು, ಸುತ್ತಲಿನವರು ಸುಮ್ಮನಿರಬೇಕು. ಗಿಜಿಗುಟ್ಟುವ ಲೇಬರ್ ರೂಮಿನಲ್ಲಿ ಎರಡನೆಯ ನಿಬಂಧನೆಯ ಪಾಲನೆ ಮೊದಲನೆಯದಕ್ಕಿಂತ ಕಠಿನ.

ನೋವು ಇಳಿದ ಮರುಕ್ಷಣವೇ ಏಕೆ? ಕೂಸಿಗೆ ಉಸಿರಾಟವೆಂಬುದು ಮಾಸಿನ ಮೂಲಕ ನಡೆಯುತ್ತದೆ. ಗರ್ಭಕೋಶದ ಸ್ನಾಯುಗಳು ಬಿಗಿದಾಗ ಅವುಗಳ ನಡುವೆ ಹಾಯ್ದುಬರುವ ತಾಯಿಯ ರಕ್ತನಾಳಗಳೂ ಬಿಗಿದು, ಮಾಸಿಗೆ ಬರುವ ರಕ್ತ ಕೆಲವು ಕ್ಷಣ ತಗ್ಗುತ್ತದೆ; ನೋವು ಸಡಿಲಿದಾಗ ಮತ್ತೆ ಹರಿಯುತ್ತದೆ. ಆರೋಗ್ಯವುಳ್ಳ ಕೂಸು ಈ ಬಿಡುವುಗಳನ್ನು ಗಂಟೆಗಟ್ಟಲೆ ತಾಳಿಕೊಳ್ಳಬಲ್ಲದು. ನೆತ್ತಿ ಒತ್ತಿದಾಗ ಬಡಿತ ನೋವಿನ ಜೊತೆಗೇ ಇಳಿದು ನೋವಿನ ಜೊತೆಗೇ ಏರಿದರೆ ಭಯವಿಲ್ಲ. ಆದರೆ ನೋವು ಮುಗಿದ ಮೇಲೂ ಬಡಿತ ಕುಗ್ಗಿಯೇ ಇದ್ದು ತಡವಾಗಿ ಚೇತರಿಸಿಕೊಂಡರೆ, ಮತ್ತು ಅದು ಮರುಕಳಿಸುತ್ತ ಹೋದರೆ, ಒಳಗಿನ ಆಮ್ಲಜನಕದ ಉಳಿತಾಯ ಸವೆಯುತ್ತಿದೆಯೆಂದು ಶಂಕಿಸಬೇಕು. ಕಹಳೆಗೆ ನೋವಿನ ನಡುವೆ ಆಗುವುದು ಚೆನ್ನಾಗಿ ಕೇಳಿಸದು. ನೋವಿನ ಬೆನ್ನಲ್ಲಿ ಆಗುವುದು ಕೇಳಿಸುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯಬೇಕಾದದ್ದೂ ಅದೇ.

ಇತ್ತ ನಮ್ಮ ದೇಶದಲ್ಲಿ ಕಹಳೆ ಬಂದದ್ದು ಸ್ತ್ರೀಯರ ಆಸ್ಪತ್ರೆಗಳ ಜೊತೆಗೆ. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪಿತವಾಗಿ, ಪುರುಷ ವೈದ್ಯರ ಬಳಿಗೆ ಹೋಗಲೊಲ್ಲದ ಹೆಂಗಸರಿಗಾಗಿ ಅಲ್ಲಲ್ಲಿ ಹೆರಿಗೆ ಆಸ್ಪತ್ರೆಗಳು ಹುಟ್ಟಿದವು. ಹೊಸ ರಾಜಧಾನಿಯಾದ ದಿಲ್ಲಿಯಲ್ಲಿ ಹೆಂಗಸರಿಗೆಂದೇ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು 1916ರ ಫೆಬ್ರವರಿಯಲ್ಲಿ ತೆರೆಯಿತು. ಅದಕ್ಕಾಗಿ ಶ್ರಮಿಸಿದ ಲೇಡಿ ಹಾರ್ಡಿಂಜ್ ಅದನ್ನು ಕಾಣುವ ಮುನ್ನವೇ, 1914ರಲ್ಲಿ, ತೀರಿಕೊಂಡಿದ್ದಳು. ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಬೆಂಗಳೂರಿನ ಆಸ್ಪತ್ರೆ 1935ರಲ್ಲಿ ಕೆಲಸವನ್ನಾರಂಭಿಸಿತು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಹುಟ್ಟು ಇನ್ನೂ ಬೇರೆ ಬಗೆಯದು: 1942ರಲ್ಲಿ ಅಮೆರಿಕದ ಯುದ್ಧಸೈನಿಕರ ಶುಶ್ರೂಷೆಗೆಂದು ಕಟ್ಟಿದ ಬಿಡಾರಗಳು ಅವು. ಲೋಧಿ ಕಾಲೋನಿಯ ಸಮವಯಸ್ಕವಾದ ಆ ಯುದ್ಧದ ಆಸ್ಪತ್ರೆ 1954ರಲ್ಲಿ ಭಾರತ ಸರ್ಕಾರದ ವಶಕ್ಕೆ ಬಂದು, ಮುಂದೆ ದೇಶದ ಅತ್ಯಂತ ದಟ್ಟಣೆಯ ಹೆರಿಗೆ ಕೋಣೆಗಳಲ್ಲೊಂದನ್ನು ನಡೆಸುವ ಸಂಸ್ಥೆಯಾಯಿತು. ಅದೇ 1954ರಲ್ಲಿ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ ದಿಲ್ಲಿಯಲ್ಲಿ ಆರಂಭಗೊಂಡಿತು. 1956ರಲ್ಲಿ ಸಫ್ದರ್‌ಜಂಗಿಗೆ ಎದುರಾಗಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಎದ್ದಿತು. ಕಾಲೋನಿಯ ಗುಮಾಸ್ತನ ಹೆಂಡತಿಗೆ, ಹಳ್ಳಿಯಲ್ಲಿದ್ದ ತನ್ನ ತಂಗಿಗೆ ಕನಸಿನಲ್ಲಿಯೂ ದೊರೆಯದಿದ್ದ ಸೌಕರ್ಯ ಇಂತು ಟಾಂಗಾ ದೂರದಲ್ಲಿಯೇ ಒದಗಿತು.

ಹಳ್ಳಿಯ ತಂಗಿಗೆ ಇದ್ದವಳು ಸೂಲಗಿತ್ತಿ. ವೈದ್ಯಕೀಯ ಚರಿತ್ರೆಗಳು ಅವಳನ್ನು ಸಾಮಾನ್ಯವಾಗಿ ಕೊಳಕಿನ, ಮೌಢ್ಯದ, ತುಕ್ಕು ಹಿಡಿದ ಕುಡುಗೋಲಿನ ಅಧ್ಯಾಯದಲ್ಲಿ ಸೇರಿಸಿ ಮುಂದೆ ಸಾಗುತ್ತವೆ. ಆ ಆರೋಪದಲ್ಲಿ ಸತ್ಯವಿಲ್ಲವೆಂದಲ್ಲ. ಸೋಂಕಿನಿಂದ ಸತ್ತ ಬಾಣಂತಿಯರ ಮತ್ತು ಧನುರ್ವಾಯುವಿನಿಂದ ಸತ್ತ ಹಸುಗೂಸುಗಳ ಸಂಖ್ಯೆ ಸಣ್ಣದಾಗಿರಲಿಲ್ಲ. ಆದರೆ ಒಂದು ಗುಣ ಅವಳಲ್ಲಿತ್ತು, ಅದನ್ನು ಆಸ್ಪತ್ರೆ ಎಂದೂ ಪೂರ್ತಿ ಪಡೆಯಲಿಲ್ಲ: ನೋವು ಆರಂಭವಾದ ಗಳಿಗೆಯಿಂದ ಮಾಸು ಬೀಳುವವರೆಗೆ ಅವಳು ಎದ್ದು ಹೋಗುತ್ತಿರಲಿಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ, ಲೋಧಿ ಕಾಲೋನಿಯ ಕಮಾನುಗಳು ಏಳುತ್ತಿದ್ದ ಆಸುಪಾಸಿನ ವರ್ಷಗಳಲ್ಲಿಯೇ, ಇಪ್ಪತ್ತರ ಪ್ರಾಯದಲ್ಲಿ, ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಏಳು ದಶಕಗಳ ಕಾಲ ಒಂದು ಕಾಸನ್ನೂ ಮುಟ್ಟದೆ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ಯಾವ ಉಪಕರಣವೂ ಇಲ್ಲದೆ, ಬರಿಯ ಕೈಯಿಂದಲೇ ಕೂಸಿನ ಭಂಗಿಯನ್ನೂ ಅದರ ನಾಡಿಯನ್ನೂ ಅರಿಯಬಲ್ಲವರೆಂದು ಸುತ್ತಣ ಸೀಮೆಯ ಜನ ಅವರನ್ನು ಕೊಂಡಾಡುತ್ತಿದ್ದರು. ಭಂಗಿಯನ್ನು ಕೈ ಬಲ್ಲದು. ನಾಡಿಯನ್ನು ಬಲ್ಲದೇ ಎಂದು ವೈದ್ಯರು ಕೇಳಿದರೆ ಆ ಕೇಳಿಕೆಗೆ ಅರ್ಥವಿದೆ. ನನಗೆ ತೋರುವಂತೆ, ಸಾವಿರಾರು ಹೊಟ್ಟೆಗಳ ಮೇಲೆ ರಾತ್ರಿಯಿಡೀ ಇದ್ದ ಕೈ ಕೂಸಿನ ಚಲನೆಯ ಬಿರುಸನ್ನೂ ನೋವಿನ ಬಿಡುವನ್ನೂ ತಾಯಿಯ ಬೆವರನ್ನೂ ಒಟ್ಟಿಗೆ ಗ್ರಹಿಸಿ ಒಂದು ತೀರ್ಮಾನಕ್ಕೆ ಬರುತ್ತಿದ್ದಿರಬೇಕು. ಜನ ಆ ತೀರ್ಮಾನಕ್ಕೆ ನಾಡಿಯ ಹೆಸರನ್ನು ಕೊಟ್ಟರು.

ಯಂತ್ರದ ಕಥೆ 1906ರಲ್ಲಿ ಜರ್ಮನಿಯಲ್ಲಿ ಮೊದಲಾಗುತ್ತದೆ; ಆ ವರ್ಷ ಕ್ರೇಮರ್ ಎಂಬಾತನು ತಾಯಿಯ ಹೊಟ್ಟೆಯ ಮೇಲಿನಿಂದ ಶಿಶುಹೃದಯದ ವಿದ್ಯುತ್ ಸ್ಪಂದನವನ್ನು ಮೊದಲ ಬಾರಿಗೆ ದಾಖಲಿಸಿದನು. ಆದರೆ ಅದು ಪ್ರಯೋಗಶಾಲೆಯ ಕೌತುಕವಾಗಿ ಅರ್ಧ ಶತಮಾನ ಕಳೆಯಿತು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಹಾನ್ ಹೆರಿಗೆಯುದ್ದಕ್ಕೂ ಈ ಸ್ಪಂದನವನ್ನು ಬಿಡದೆ ದಾಖಲಿಸುವ ವಿಧಾನವನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಕಾಲ್ದೇರೋ-ಬಾರ್ಸಿಯಾ, ಜರ್ಮನಿಯಲ್ಲಿ ಹಾಮಾಖರ್, ಒಬ್ಬೊಬ್ಬರೂ ತಮ್ಮದೇ ದಾರಿಯಿಂದ ಅಲ್ಲಿಗೇ ಬಂದರು. ಬರ್ಲಿನ್ನಿನ ಸಾಲಿಂಗ್ ಕೂಸಿನ ನೆತ್ತಿಯಿಂದ ಒಂದು ಹನಿ ರಕ್ತವನ್ನು ತೆಗೆದು ಅದರ ಆಮ್ಲತೆಯನ್ನು ಅಳೆಯುವ ಕ್ರಮವನ್ನು ಬಳಕೆಗೆ ತಂದನು. 1968ರಲ್ಲಿ ಹಾಮಾಖರನ ವಿನ್ಯಾಸದಂತೆ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಯಂತ್ರ ಮಾರುಕಟ್ಟೆಗೆ ಬಂದಿತು. ಹೊಟ್ಟೆಗೆ ಎರಡು ಪಟ್ಟಿಗಳು. ಒಂದು ಕೂಸಿನ ಬಡಿತಕ್ಕೆ, ಇನ್ನೊಂದು ಗರ್ಭಕೋಶದ ಬಿಗಿತಕ್ಕೆ. ಉರುಳುವ ಕಾಗದದ ಮೇಲೆ ಒಂದರ ಕೆಳಗೊಂದು ಎರಡು ಗೆರೆಗಳು. ಇದೇ ಇಂದು ಸಿ.ಟಿ.ಜಿ. ಎಂದು ಹೆಸರಾದದ್ದು.

ಅದೇ 1968ರಲ್ಲಿ ಕಹಳೆಗೆ ದೊಡ್ಡದೊಂದು ಪೆಟ್ಟು ಬಿದ್ದಿತು. ಅಮೆರಿಕದಲ್ಲಿ 24,863 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿದ ಬೆನ್ಸನ್ ಮತ್ತು ಸಂಗಡಿಗರು, ಕಿವಿಯಿಂದ ಎಣಿಸಿದ ಬಡಿತ ಕೂಸಿನ ಸಂಕಟವನ್ನು ವಿಶ್ವಾಸಾರ್ಹವಾಗಿ ಸೂಚಿಸುವುದಿಲ್ಲ, ತೀರ ಕೊನೆಯ ಸ್ಥಿತಿಯಲ್ಲಿ ಮಾತ್ರ ಸೂಚಿಸುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇನ್ನೇನು ಬೇಕು? ಕಿವಿ ಸೋತಿತು, ಯಂತ್ರ ಸಿದ್ಧವಾಗಿದೆ. ಹೆರಿಗೆಯಲ್ಲಿ ಉಸಿರುಗಟ್ಟಿ ಸಾಯುವ ಕೂಸುಗಳೂ, ಮಿದುಳಿಗೆ ಪೆಟ್ಟಾಗಿ ಜೀವಮಾನವಿಡೀ ಅಂಗವೈಕಲ್ಯದಿಂದ ನರಳುವ ಮಕ್ಕಳೂ ಇನ್ನಿಲ್ಲವಾಗುವರೆಂಬ ಆಶೆ ವೈದ್ಯಲೋಕವನ್ನು ತುಂಬಿತು. ಹತ್ತೇ ವರ್ಷಗಳಲ್ಲಿ ಶ್ರೀಮಂತ ದೇಶಗಳ ಹೆರಿಗೆ ಕೋಣೆಗಳಲ್ಲಿ ಈ ಯಂತ್ರ ಸರ್ವಸಾಮಾನ್ಯವಾಯಿತು. ಹೊಸ ಔಷಧಿಯೊಂದನ್ನು ಹೀಗೆ ಪರೀಕ್ಷೆಯಿಲ್ಲದೆ ಹಂಚಿದ್ದರೆ ಯಾವ ಸರ್ಕಾರವೂ ಒಪ್ಪುತ್ತಿರಲಿಲ್ಲ. ಆದರೆ ಇದು ಔಷಧಿಯಲ್ಲ, ಬರಿಯ ಗೆರೆ ಬರೆಯುವ ಪೆಟ್ಟಿಗೆ. ಗೆರೆಯಿಂದ ಯಾರಿಗೇನು ಕೇಡು ಎಂದು ಎಲ್ಲರೂ ಎಣಿಸಿದಂತೆ ತೋರುತ್ತದೆ.

ಪರೀಕ್ಷೆ ಆಮೇಲೆ ನಡೆಯಿತು. 1976ರಲ್ಲಿ ಡೆನ್ವರಿನ ಹ್ಯಾವರ್‌ಕ್ಯಾಂಪ್ ಅಪಾಯದ ಸಂಭವ ಹೆಚ್ಚಿದ್ದ 483 ಗರ್ಭಿಣಿಯರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಯಂತ್ರವನ್ನೂ ಇನ್ನೊಂದಕ್ಕೆ ಕಿವಿಯನ್ನೂ ಕಾವಲಿಟ್ಟನು. ಮಕ್ಕಳ ಸ್ಥಿತಿಯಲ್ಲಿ ಭೇದ ಕಾಣಲಿಲ್ಲ. ಸಿಸೇರಿಯನ್ ಮಾತ್ರ ಯಂತ್ರದ ಗುಂಪಿನಲ್ಲಿ ಶೇಕಡಾ 16.5, ಕಿವಿಯ ಗುಂಪಿನಲ್ಲಿ 6.8. ಒಂದು ಸಣ್ಣ ಪ್ರಯೋಗವೆಂದು ಅದನ್ನು ತಳ್ಳಿಹಾಕಿದವರಿಗೆ 1985ರಲ್ಲಿ ಡಬ್ಲಿನ್ನಿನಿಂದ ಉತ್ತರ ಬಂದಿತು. ಕೆನಡಿಯ ಊರಿನ ಇನ್ನೊಂದು ಹೆರಿಗೆ ಆಸ್ಪತ್ರೆಯಲ್ಲಿ 12,964 ಸ್ತ್ರೀಯರನ್ನೊಳಗೊಂಡು ನಡೆದ ಆ ಮಹಾಪರೀಕ್ಷೆಯಲ್ಲಿ ಸತ್ತ ಕೂಸುಗಳ ಸಂಖ್ಯೆ ಎರಡು ಗುಂಪುಗಳಲ್ಲೂ ಸಮ: ಹದಿನಾಲ್ಕು, ಹದಿನಾಲ್ಕು. ಹುಟ್ಟಿದ ಮೇಲೆ ಫಿಟ್ಸ್ ಬಂದ ಕೂಸುಗಳು ಯಂತ್ರದ ಗುಂಪಿನಲ್ಲಿ 12, ಕಿವಿಯ ಗುಂಪಿನಲ್ಲಿ 27. ಇದು ಯಂತ್ರಕ್ಕೆ ಸಂದ ನಿಜವಾದ ಜಯ, ಅದನ್ನು ಅಲ್ಲಗಳೆಯಬಾರದು. ಆದರೆ ಆ ಮಕ್ಕಳನ್ನು ನಾಲ್ಕು ವರ್ಷ ತುಂಬಿದಾಗ ಮತ್ತೆ ನೋಡಿದರೆ, ಫಿಟ್ಸ್ ಬಂದವರ ಪೈಕಿ ಮಿದುಳಿನ ಪೆಟ್ಟಿನಿಂದ ಅಂಗವಿಕಲರಾಗಿ ಉಳಿದವರು ಒಂದೊಂದು ಗುಂಪಿನಲ್ಲೂ ಮೂವರು.

ಈ ಅಂಕಿಗಳನ್ನು ಯಂತ್ರದ ಪಕ್ಷದವರೂ ವಿಪಕ್ಷದವರೂ ಬಹುಕಾಲದಿಂದ ಉದ್ಧರಿಸುತ್ತ ಬಂದಿದ್ದಾರೆ. ಅವರಿಬ್ಬರೂ ಲಘುವಾಗಿ ದಾಟಿಹೋಗುವ ಒಂದು ಸಂಗತಿಯುಂಟು. ಡಬ್ಲಿನ್ನಿನ ಆ ಆಸ್ಪತ್ರೆಯಲ್ಲಿ ನೋವು ಬಂದ ಪ್ರತಿಯೊಬ್ಬ ಸ್ತ್ರೀಯ ಪಕ್ಕದಲ್ಲಿಯೂ ಹೆರಿಗೆಯುದ್ದಕ್ಕೂ ಒಬ್ಬ ದಾದಿ ಇದ್ದೇ ಇರುವುದು ಅಲ್ಲಿಯ ಪ್ರಸಿದ್ಧ ನಿಯಮ. ಡೆನ್ವರಿನಲ್ಲಿಯೂ ಕಿವಿಯ ಗುಂಪಿನ ಒಬ್ಬೊಬ್ಬಳಿಗೂ ಒಬ್ಬೊಬ್ಬ ನರ್ಸನ್ನು ನೇಮಿಸಿದ್ದರು. ಎಂದ ಮೇಲೆ ಅಲ್ಲಿ ಯಂತ್ರಕ್ಕೆ ಎದುರಾಗಿ ನಿಂತು ಸಮಬಲವೆನಿಸಿದ್ದು ಪಿನಾರನ ಕಹಳೆಯಲ್ಲ. ಬಿಟ್ಟುಹೋಗದೆ ಬಳಿಯಲ್ಲಿದ್ದ ಮನುಷ್ಯ. ಬೆನ್ಸನ್ ಪರಿಶೀಲಿಸಿದ ದಾಖಲೆಗಳಲ್ಲಿ ಸೋತ ಕಿವಿ, ಡಬ್ಲಿನ್ನಿನಲ್ಲಿ ಸೋಲದಿದ್ದುದಕ್ಕೆ ನನಗೆ ಕಾಣುವ ಕಾರಣ ಇದೊಂದೇ.

ನಮ್ಮಲ್ಲಿ ನಡೆದ ಕಥೆ ಇದರ ವಿಲೋಮ. ಯಂತ್ರ ಇಲ್ಲಿಗೆ ಬರುವಾಗ ಪಕ್ಕದಲ್ಲಿ ನಿಲ್ಲುವ ಮನುಷ್ಯನಿಗೆ ಪ್ರತಿಯಾಗಿಯೇ ಬಂದಿತು. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಪಟ್ಟಿ ಬಿಗಿದು ಮಲಗಿಸಿದ ಗರ್ಭಿಣಿಗೆ ಮಗ್ಗುಲಾಗುವ ಸ್ವಾತಂತ್ರ್ಯ ತಪ್ಪಿತು; ಕೋಣೆಗೆ ಬಂದವರ ದೃಷ್ಟಿ ಅವಳ ಮುಖಕ್ಕಿಂತ ಮೊದಲು ಕಾಗದದ ಗೆರೆಗೆ ಹೋಗತೊಡಗಿತು. ಒಂದೇ ಗೆರೆಯನ್ನು ಇಬ್ಬರು ತಜ್ಞರು ಎರಡು ಬಗೆಯಾಗಿ ಓದುವುದುಂಟು. ಸಂದೇಹ ಬಂದ ವೈದ್ಯನು ಕಾದು ಕೆಟ್ಟನೆಂಬ ಅಪವಾದಕ್ಕಿಂತ ಕೊಯ್ದು ಕಾಪಾಡಿದನೆಂಬ ಕೀರ್ತಿಯನ್ನು ಆರಿಸಿಕೊಳ್ಳುವುದು ಸಹಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಂತೆ ದೇಶದಲ್ಲಿ ಶೇಕಡಾ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2005–06ರಲ್ಲಿ ಅದು 38.7 ಮಾತ್ರವಾಗಿತ್ತೆಂಬುದನ್ನು ನೆನೆದರೆ ಇದು ಸಾಮಾನ್ಯ ಸಾಧನೆಯಲ್ಲ. ಅದೇ ಸಮೀಕ್ಷೆಯಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3ರಷ್ಟು, ಖಾಸಗಿ ಆಸ್ಪತ್ರೆಗಳಲ್ಲಿ 47.4ರಷ್ಟು ಹೆರಿಗೆಗಳು ಸಿಸೇರಿಯನ್. ಇದಕ್ಕೆಲ್ಲ ಸಿ.ಟಿ.ಜಿ.ಯೊಂದನ್ನೇ ಹೊಣೆಮಾಡುವುದು ಅನ್ಯಾಯ. ಹಣ, ಭಯ, ಮುಹೂರ್ತ, ಮೊದಲ ಬಾರಿಯ ಕೊಯ್ತದಿಂದ ಒದಗುವ ಎರಡನೆಯ ಕೊಯ್ತ, ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಗೆರೆಯಿಂದ ಕೇಡಿಲ್ಲವೆಂದು ನಂಬಿದ್ದವರ ನಂಬಿಕೆಗೆ ಈ ಅಂಕಿಗಳು ಅನುಕೂಲವಾಗಿಲ್ಲ. ಸರ್ಕಾರಿ ಆಸ್ಪತ್ರೆಗಳ ಕೊರತೆ ಬೇರೆಯದು. ಅಲ್ಲಿ ಯಂತ್ರ ಕೆಲವೇ ಮಂಚಗಳಿಗೆ; ಉಳಿದವರಿಗೆ ಕೈಯಲ್ಲಿ ಹಿಡಿದು ಬಡಿತವನ್ನು ಕೇಳುವ ಪುಟ್ಟ ಡಾಪ್ಲರ್ ಸಾಧನವೋ ಹಳೆಯ ಫೀಟೋಸ್ಕೋಪೋ. ಒಂದು ಪಾಳಿಯ ನರ್ಸಿಗೆ ಎಷ್ಟು ಮಂಚಗಳೆಂಬುದರ ಮೇಲೆ ಆ ಉಪಕರಣದ ಯೋಗ್ಯತೆ ನಿಂತಿರುತ್ತದೆ.

2018ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಶುಶ್ರೂಷೆಯನ್ನು ಕುರಿತು ತನ್ನ ಹೊಸ ಶಿಫಾರಸುಗಳನ್ನು ಪ್ರಕಟಿಸಿ, ಆರೋಗ್ಯವಂತ ಗರ್ಭಿಣಿಗೆ ಬಿಡದೆ ಯಂತ್ರ ಕಟ್ಟುವುದು ಬೇಡ, ಡಾಪ್ಲರಿನಿಂದಲೋ ಪಿನಾರನ ಕಹಳೆಯಿಂದಲೋ ಆಗಾಗ ಆಲಿಸುವುದೇ ತಕ್ಕದ್ದು ಎಂದು ಹೇಳಿತು. ಮರು ತಿಂಗಳಲ್ಲಿಯೇ, ಲೋಧಿ ಕಾಲೋನಿಯಿಂದ ಕೆಲವೇ ಮೈಲಿಗಳಾಚೆಯ ರಾಷ್ಟ್ರಪತಿ ಭವನದಲ್ಲಿ, ಪಾವಗಡದ ಸೂಲಗಿತ್ತಿ ನರಸಮ್ಮನವರು ಪದ್ಮಶ್ರೀ ಪದಕವನ್ನು ಸ್ವೀಕರಿಸಿದರು. ಒಂದರಿಂದ ಇನ್ನೊಂದು ಆದದ್ದಲ್ಲ. ಕಾಲಗಣನೆಯಲ್ಲಿ ಹೀಗೆ ಅಕ್ಕಪಕ್ಕ ಬಂದವು, ಅಷ್ಟೆ. ಆ ವರ್ಷದ ಡಿಸೆಂಬರ್ 25ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ, ನರಸಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟವನ್ನು ಏರಿಸಲೆಂದು ಕೇಂದ್ರ ಸರ್ಕಾರ 2017ರ ಕೊನೆಗೆ ಆರಂಭಿಸಿದ 'ಲಕ್ಷ್ಯ' ಎಂಬ ಯೋಜನೆ ಕೆಲಸ ಹಿಡಿದಿತ್ತು. ಬೆಂಗಳೂರಿನ ಜನಿತ್ರಿ ಎಂಬ ಕಂಪನಿ ಹೊಟ್ಟೆಗೆ ಅಂಟಿಸಿ ಬಡಿತವನ್ನೂ ನೋವನ್ನೂ ದೂರದಿಂದಲೇ ಫೋನಿನಲ್ಲಿ ನೋಡಬಹುದಾದ ಸಾಧನವೊಂದನ್ನು ರೂಪಿಸುವುದರಲ್ಲಿ ತೊಡಗಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಲಕ್ಷ ಕೂಸುಗಳು ಸತ್ತೇ ಹುಟ್ಟುತ್ತವೆಂದೂ, ಅವುಗಳಲ್ಲಿ ಶೇಕಡಾ ನಲವತ್ತಕ್ಕೂ ಹೆಚ್ಚು ಹೆರಿಗೆಯ ನೋವಿನ ಕಾಲದಲ್ಲಿಯೇ ಸಾಯುತ್ತವೆಂದೂ ಯುನಿಸೆಫ್ 2020ರಲ್ಲಿ ಲೆಕ್ಕ ಕೊಟ್ಟಿತು. ಆದಕಾರಣ ಇಂಥ ಸಾಧನಗಳನ್ನು ಹೀಗಳೆಯುವುದಕ್ಕೆ ಕಾರಣವಿಲ್ಲ.

ಇರುವ ತೊಡಕು ಗಣಿತದ್ದು. ಶಿಫಾರಸಿನ ಪ್ರಕಾರ ನೋವು ಬಲಿತ ಮೇಲೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ, ಹೆಂಗಸು ಮುಕ್ಕತೊಡಗಿದ ಮೇಲೆ ಐದು ನಿಮಿಷಕ್ಕೊಮ್ಮೆ ಬಡಿತವನ್ನು ಆಲಿಸಬೇಕು. ಪ್ರತಿ ಬಾರಿಯೂ ಒಂದು ನಿಮಿಷಕ್ಕೆ ಕಡಿಮೆಯಿಲ್ಲದಂತೆ, ತಾಯಿಯ ನಾಡಿಯನ್ನು ಹಿಡಿದುಕೊಂಡು. ಕೇಳಿದ್ದನ್ನು ಕಾಗದದಲ್ಲಿ ಗುರುತಿಸಬೇಕು. ಮಂಚದ ಬಳಿಗೆ ಬರುವುದು, ನೋವು ಇಳಿಯುವವರೆಗೆ ಕಾಯುವುದು, ಬೆನ್ನು ಎಲ್ಲಿದೆಯೆಂದು ತಡವುವುದು, ಎಣಿಸುವುದು, ಬರೆಯುವುದು, ಎಲ್ಲ ಸೇರಿದರೆ ಒಬ್ಬಳಿಗೆ ನಾಲ್ಕೈದು ನಿಮಿಷಕ್ಕೆ ಮೋಸವಿಲ್ಲ. ನೋವಿನ ಆರಂಭದ ಹಂತದಲ್ಲಿರುವ ನಾಲ್ವರನ್ನು ಒಬ್ಬ ನರ್ಸು ಹೇಗೋ ನೋಡಿಕೊಂಡಾಳು. ಅವರಲ್ಲೊಬ್ಬಳು ಮುಕ್ಕತೊಡಗಿದಳೆಂದರೆ ಅವಳೊಬ್ಬಳಿಗೇ ಈ ನರ್ಸಿನ ಇಡೀ ಗಂಟೆ ಮೀಸಲು. ಇಬ್ಬರು ಏಕಕಾಲಕ್ಕೆ ಮುಕ್ಕತೊಡಗಿದರೆ ಉಳಿದ ಇಬ್ಬರ ಕಾಗದದಲ್ಲಿ ಯಾವ ಅಂಕಿ ಬೀಳುತ್ತದೆ, ಯಾವಾಗ ಬೀಳುತ್ತದೆ, ಕೇಳಿ ಬರೆದದ್ದೋ ಆಮೇಲೆ ತುಂಬಿಸಿದ್ದೋ ಎಂಬುದನ್ನು ರಾತ್ರಿ ಪಾಳಿ ಮಾಡಿದ ಯಾವ ನರ್ಸನ್ನು ಕೇಳಿದರೂ ಅವಳು ಬಲ್ಲಳು.